ಓಟದ ನಂತರ ಹತ್ತುವ ದಮ್ಮು: ಅಳೆಯುವುದು, ತಡೆಯುವುದು, ಮತ್ತು ಲಿಗ್ನೊಕೇನ್ ಯಾಕೆ ಬೇಡ

ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ಓಟ ಗಂಡಸರಿಗೆ 1600 ಮೀಟರ್, 6 ನಿಮಿಷ 30 ಸೆಕೆಂಡ್. ಹೆಣ್ಣುಮಕ್ಕಳಿಗೆ 400 ಮೀಟರ್, 2 ನಿಮಿಷ. ಧಾರವಾಡದಲ್ಲಿ ಕೋಚಿಂಗಿಗೆಂದು ರೂಮು ಮಾಡಿಕೊಂಡಿರುವ ಹುಡುಗರು ಬೆಳಕು ಹರಿಯುವ ಮೊದಲೇ ಮೈದಾನಕ್ಕೆ ಇಳಿಯುವುದು ಇದಕ್ಕಾಗಿ. ಅವರಲ್ಲಿ ಕೆಲವರಿಗೆ ಓಡುವಷ್ಟು ಹೊತ್ತು ಏನೂ ಆಗುವುದಿಲ್ಲ, ನಿಂತ ಮೇಲೆ ಶುರು. ಐದು ನಿಮಿಷಕ್ಕೆ ಒಣ ಕೆಮ್ಮು, ಹತ್ತು ನಿಮಿಷಕ್ಕೆ ಎದೆ ಬಿಗಿತ, ಉಸಿರು ಬಿಡುವಾಗ ಸುಂಯ್ ಅನ್ನುವ ಸದ್ದು. ಅರ್ಧ ಗಂಟೆ, ಹೆಚ್ಚೆಂದರೆ ಒಂದು-ಒಂದೂವರೆ ಗಂಟೆಯಲ್ಲಿ ತಾನಾಗಿ ಇಳಿಯುತ್ತದೆ. ತಾನಾಗಿ ಇಳಿಯುತ್ತದಲ್ಲ ಎಂದೇ ಯಾರೂ ಡಾಕ್ಟರ ಹತ್ತಿರ ಹೋಗುವುದಿಲ್ಲ. ‘ನಿನಗ ಸ್ಟ್ಯಾಮಿನಾ ಇಲ್ಲಲೇ’ ಎಂದು ಸೀನಿಯರ್‌ಗಳು ತೀರ್ಪು ಕೊಟ್ಟು ಮುಗಿಸುತ್ತಾರೆ.

ಇದು ಸ್ಟ್ಯಾಮಿನಾದ ಮಾತಲ್ಲ, ವ್ಯಾಯಾಮದಿಂದ ಏಳುವ ಅಸ್ತಮಾ. ಮೊದಲಿನಿಂದ ದಮ್ಮು ಇದ್ದವರಲ್ಲಿ ಇದು ಬಹಳ ಸಾಮಾನ್ಯ. ಉಳಿದ ದಿನವೆಲ್ಲ ಆರಾಮಾಗಿದ್ದು ಓಡಿದಾಗ ಮಾತ್ರ ಹತ್ತುವವರೂ ಇದ್ದಾರೆ. ಸರಿಯಾಗಿ ಅಳೆದು, ಸರಿಯಾಗಿ ಪಂಪ್ (ಇನ್‌ಹೇಲರ್) ಎಳೆದು, ಸರಿಯಾಗಿ ವಾರ್ಮಪ್ ಮಾಡಿದರೆ ಇಂಥವರಲ್ಲಿ ಹೆಚ್ಚಿನವರು ಬೇರೆಯವರಂತೆಯೇ ಓಡಬಹುದು. ಗಂಟಲಿಗೆ ಜೋಮು ಹಿಡಿಸುವ ಲಿಗ್ನೊಕೇನ್ ಈ ದಮ್ಮನ್ನು ತಡೆಯುತ್ತದೆಯೇ ಎಂದು ನಲವತ್ತು ವರ್ಷಗಳ ಹಿಂದೆ ಸಂಶೋಧನೆಗಳು ನಡೆದಿವೆ. ಅವುಗಳ ತುಣುಕು ಓದಿ ಮೆಡಿಕಲ್ ಶಾಪಿಗೆ ಹೋಗುವ ಯೋಚನೆ ಇದ್ದರೆ, ಮೊದಲು ಕೆಳಗಿನದನ್ನು ಓದಿ.

ಎದೆಯೊಳಗೆ ಆಗುವುದು ನೀರಿನ ಲೆಕ್ಕ

ಮೂಗಿನಿಂದ ನಿಧಾನಕ್ಕೆ ಉಸಿರಾಡುವಾಗ ಗಾಳಿ ಮೂಗಿನಲ್ಲೇ ಬೆಚ್ಚಗಾಗಿ, ತೇವವಾಗಿ ಒಳಗೆ ಹೋಗುತ್ತದೆ. ಜೋರಾಗಿ ಓಡುವಾಗ ಬಾಯಿ ತೆರೆಯಲೇಬೇಕು. ಆಗ ಆ ಕೆಲಸವೆಲ್ಲ ಶ್ವಾಸನಾಳಗಳ ಮೇಲೆ ಬೀಳುತ್ತದೆ. ಶ್ವಾಸಕೋಶದ ಆಳ ಮುಟ್ಟುವಷ್ಟರಲ್ಲಿ ಪ್ರತಿ ಲೀಟರ್ ಗಾಳಿ 37 ಡಿಗ್ರಿಗೆ ಬಿಸಿಯಾಗಿ ಸುಮಾರು 44 ಮಿಲಿಗ್ರಾಂ ನೀರು ಹೊತ್ತಿರುತ್ತದೆ. ಹೊರಗಿನಿಂದ ಬಂದ ಗಾಳಿಯಲ್ಲಿ ಅಷ್ಟು ಇಲ್ಲದಿದ್ದರೆ ಉಳಿದದ್ದನ್ನು ಶ್ವಾಸನಾಳದ ಒಳಪದರವೇ ಕೊಡಬೇಕು.

ಜನವರಿಯ ಬೆಳಗ್ಗೆ ಧಾರವಾಡದಲ್ಲಿ 15 ಡಿಗ್ರಿ ಇದೆ ಎಂದುಕೊಳ್ಳಿ. ಕಣ್ಣೆದುರು ಮಂಜು ಕವಿದಿದ್ದರೂ, ಅಂದರೆ ಆರ್ದ್ರತೆ ಪೂರ್ತಿ ಶೇ. 100 ಇದ್ದರೂ, ಆ ತಣ್ಣನೆ ಗಾಳಿಯ ಆವಿ ಲೀಟರಿಗೆ 13 ಮಿಲಿಗ್ರಾಂ ಮೀರುವುದಿಲ್ಲ. ಕೊರತೆ 31. ನಿಮಿಷಕ್ಕೆ 80 ಲೀಟರ್ ಗಾಳಿ ಎಳೆಯುವ ಓಟಗಾರನ ಒಳಪದರದ ಮೇಲೆ ನಿಮಿಷಕ್ಕೆ ಸುಮಾರು ಎರಡೂವರೆ ಗ್ರಾಂ ನೀರಿನ ಬೇಡಿಕೆ. ಉಸಿರು ಬಿಡುವಾಗ ಸ್ವಲ್ಪ ಮರಳುತ್ತದೆ, ಎಲ್ಲವೂ ಅಲ್ಲ. ‘ಇಬ್ಬನಿ ಐತಿ, ಗಾಳಿ ಹಸಿ ಐತಿ’ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಏಪ್ರಿಲ್ ಮಧ್ಯಾಹ್ನ ಗದಗಿನಲ್ಲಿ 37 ಡಿಗ್ರಿ ಬಿಸಿಲು, ಆರ್ದ್ರತೆ ಶೇ. 20 ಇದ್ದರೆ ಲೀಟರಿಗೆ 9 ಮಿಲಿಗ್ರಾಂ ಮಾತ್ರ, ಕೊರತೆ 35. ತಣ್ಣಗಾಗುವ ಕಾಟ ಇಲ್ಲ, ಒಣಗುವ ಕಾಟ ಇನ್ನೂ ಹೆಚ್ಚು. ಜುಲೈಯಲ್ಲಿ 24 ಡಿಗ್ರಿ, ಶೇ. 90 ಇದ್ದರೆ ಕೊರತೆ 24ಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಸರಾಗವಾಗಿ ಓಡಿದವರಿಗೆ ಸಂಕ್ರಾಂತಿ ಹೊತ್ತಿಗೆ ದಮ್ಮು ಹತ್ತುವುದರ ಹಿಂದೆ ಬಹುಪಾಲು ಇದೇ ಲೆಕ್ಕವಿದೆ.

ಒಳಪದರ ಒಣಗಿದಂತೆ ಅದರ ಮೇಲಿನ ತೆಳು ನೀರಿನಲ್ಲಿ ಉಪ್ಪಿನಂಶ ಗಟ್ಟಿಯಾಗುತ್ತದೆ. ಇದರಿಂದ ಕೆರಳಿದ ಮಾಸ್ಟ್ ಕೋಶಗಳು, ಅಂದರೆ ಶ್ವಾಸನಾಳದ ಗೋಡೆಯಲ್ಲಿರುವ ರಕ್ಷಣಾ ಕೋಶಗಳು, ಹಿಸ್ಟಮಿನ್, ಲ್ಯೂಕೋಟ್ರೈನ್, ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ಹೊರಬಿಡುತ್ತವೆ. ಅವು ಶ್ವಾಸನಾಳದ ಸ್ನಾಯುವನ್ನು ಬಿಗಿಸುತ್ತವೆ. ಓಟದ ಭರದಲ್ಲಿ ನಾಳಗಳು ತೆರೆದೇ ಇರುತ್ತವೆ, ನಿಂತ ಮೇಲೆ ಈ ರಾಸಾಯನಿಕಗಳ ಕೈ ಮೇಲಾಗುತ್ತದೆ. ತೊಂದರೆ ನಿಂತ ಮೇಲೆ ಬರುವುದು ಅದಕ್ಕೇ. ಗಟ್ಟಿಯಾಗಿ ಆರರಿಂದ ಎಂಟು ನಿಮಿಷ ಓಡಿದರೆ ಇದು ಚೆನ್ನಾಗಿ ಕೆರಳುತ್ತದೆ, 1600 ಮೀಟರಿನ ಆರೂವರೆ ನಿಮಿಷ ಸರಿಯಾಗಿ ಆ ನಡುವೆ ಬೀಳುತ್ತದೆ. ಕಬಡ್ಡಿ, ಖೋಖೋದಲ್ಲಿ ನಡುನಡುವೆ ವಿರಾಮ ಇರುವುದರಿಂದ ಕಾಟ ಕಡಿಮೆ.

ಮೊದಲು ಅಳೆಯಿರಿ

ಊಹೆಯ ಮೇಲೆ ಪಂಪ್ ಹಿಡಿಯಬೇಡಿ. ಪೀಕ್ ಫ್ಲೋ ಮೀಟರ್ ಎಂಬ ಪ್ಲಾಸ್ಟಿಕ್ ಕೊಳವೆ ದೊಡ್ಡ ಮೆಡಿಕಲ್ ಶಾಪುಗಳಲ್ಲಿ ಸಿಗುತ್ತದೆ. ಎಷ್ಟು ಜೋರಾಗಿ ಉಸಿರು ಹೊರಹಾಕಬಲ್ಲಿರಿ ಎಂಬುದನ್ನು ನಿಮಿಷಕ್ಕೆ ಇಷ್ಟು ಲೀಟರ್ ಎಂದು ತೋರಿಸುತ್ತದೆ. ಪಿಇ ಮೇಷ್ಟ್ರು ಅಥವಾ ಕೋಚ್ ಒಂದು ಇಟ್ಟುಕೊಂಡರೆ ಇಡೀ ಬ್ಯಾಚಿಗೆ ಸಾಕು, ಬಾಯಿಗಿಡುವ ತುದಿ ಮಾತ್ರ ಒಬ್ಬೊಬ್ಬರಿಗೆ ಬೇರೆ ಇರಲಿ.

ಊದುವ ಕ್ರಮ: ನಿಂತುಕೊಳ್ಳಿ. ಮುಳ್ಳನ್ನು ಸೊನ್ನೆಗೆ ತನ್ನಿ. ಪೂರ್ತಿ ಉಸಿರು ಎಳೆದು, ತುಟಿಯನ್ನು ಕೊಳವೆಯ ಸುತ್ತ ಬಿಗಿಯಾಗಿ ಮುಚ್ಚಿ, ಒಮ್ಮೆಗೇ ಜೋರಾಗಿ ಊದಿ. ಉದ್ದಕ್ಕೆ ಊದುವುದು ಬೇಡ, ಮೊದಲ ಹೊಡೆತವೇ ಲೆಕ್ಕ. ಮೂರು ಸಲ ಊದಿ, ಹೆಚ್ಚಿನದನ್ನು ಬರೆದುಕೊಳ್ಳಿ. ಮೂರರ ನಡುವೆ 40ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಊದುವ ರೀತಿಯೇ ತಪ್ಪು, ಮತ್ತೆ ಊದಿ. ಕೆನ್ನೆ ಉಬ್ಬಿಸಿ ‘ತೂ’ ಎಂದು ಉಗುಳಿದಂತೆ ಊದಿದರೆ ಅಂಕಿ ಸುಳ್ಳೇ ಏರುತ್ತದೆ. ಬೆರಳು ಮುಳ್ಳಿಗೆ ಅಡ್ಡ ಬಂದರೆ, ನಾಲಿಗೆ ತೂತು ಮುಚ್ಚಿದರೆ ಸುಳ್ಳೇ ಇಳಿಯುತ್ತದೆ.

ಓಟದ ಪರೀಕ್ಷೆಯನ್ನು ಒಬ್ಬರೇ ಮಾಡಬೇಡಿ. ಜೊತೆಗೊಬ್ಬರು, ಜೇಬಿನಲ್ಲಿ ಶ್ವಾಸನಾಳ ಸಡಿಲಿಸುವ ಸಾಲ್ಬ್ಯುಟಮಾಲ್ ಪಂಪ್ ಇರಲಿ. ಎದೆನೋವು, ತಲೆಸುತ್ತಿ ಬೀಳುವುದು, ಈಗಾಗಲೇ ಜೋರು ಅಸ್ತಮಾ ಇರುವವರಿಗೆ ಮೈದಾನದ ಪರೀಕ್ಷೆ ಬೇಡವೇ ಬೇಡ, ಅವರು ಆಸ್ಪತ್ರೆಯಲ್ಲೇ ಮಾಡಿಸಲಿ. ದಿನವೂ ಎಳೆಯುವ ಸ್ಟೆರಾಯ್ಡ್ ಪಂಪ್ ಇದ್ದರೆ ಪರೀಕ್ಷೆಗಾಗಿ ಅದನ್ನು ನಿಲ್ಲಿಸಬೇಡಿ.

ಪರೀಕ್ಷೆಗೆ 8 ಗಂಟೆ ಮೊದಲಿನಿಂದ ಸಾಲ್ಬ್ಯುಟಮಾಲ್ ಎಳೆಯಬಾರದು, 4 ಗಂಟೆ ಮೊದಲಿನಿಂದ ಬೇರೆ ಓಟ ಇರಬಾರದು, ಬೆಳಗಿನ ಚಹಾ-ಕಾಫಿಯೂ ಬೇಡ, ಏಕೆಂದರೆ ಕೆಫೀನ್ ಶ್ವಾಸನಾಳವನ್ನು ಅಷ್ಟಿಷ್ಟು ಹಿಗ್ಗಿಸಿ ಫಲಿತಾಂಶ ಮಸುಕಾಗಿಸುತ್ತದೆ. ವಾರ್ಮಪ್ಪೂ ಬೇಡ. ಮೊದಲು ಪೀಕ್ ಫ್ಲೋ ಬರೆದುಕೊಂಡು, ಎರಡು-ಮೂರು ನಿಮಿಷದೊಳಗೆ ವೇಗ ಹಿಡಿದು, ಒಟ್ಟು 6ರಿಂದ 8 ನಿಮಿಷ ಓಡಿ. ವೇಗ ಸಾಕಾಯಿತೇ ಎಂಬುದಕ್ಕೆ ನಾಡಿ ನೋಡಿ: 220ರಿಂದ ವಯಸ್ಸು ಕಳೆದು, ಅದರ ಶೇ. 85. ಇಪ್ಪತ್ತು ವರ್ಷದವರಿಗೆ 170. ಕುತ್ತಿಗೆಯ ನಾಡಿಯನ್ನು 10 ಸೆಕೆಂಡ್ ಎಣಿಸಿದರೆ 28 ಬಡಿತ ಬರಬೇಕು. ಸುಮ್ಮನೆ ಜಾಗಿಂಗ್ ಮಾಡಿ ‘ನನಗೇನೂ ಇಲ್ಲ’ ಎನ್ನುವುದೇ ಈ ಪರೀಕ್ಷೆ ಹಾಳಾಗುವ ಮುಖ್ಯ ದಾರಿ.

ಓಟ ನಿಂತ ಮೇಲೆ 5, 10, 15, 20, 30ನೇ ನಿಮಿಷಕ್ಕೆ ಊದಿ ಬರೆಯಿರಿ. ಓಟದ ಮೊದಲು 450 ಇದ್ದದ್ದು ಹತ್ತನೇ ನಿಮಿಷಕ್ಕೆ 370 ಆಯಿತೆನ್ನಿ. ಇಳಿದದ್ದು 80, ಅಂದರೆ ಶೇ. 18ರ ಹತ್ತಿರ. ಶೇ. 15 ಅಥವಾ ಹೆಚ್ಚು ಇಳಿದರೆ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ. ನಡುವೆ ತ್ರಾಸಾದರೆ ಅಂಕಿಗಾಗಿ ಕಾಯಬೇಡಿ, ಪಂಪ್ ಎಳೆಯಿರಿ. ಇಳಿಯದಿದ್ದರೆ ಅದೊಂದೇ ಪರೀಕ್ಷೆಯಿಂದ ‘ಇಲ್ಲ’ ಎನ್ನಲೂ ಬರುವುದಿಲ್ಲ. ಮಳೆ ಬಿದ್ದ ಹಸಿ ದಿನ ಮಾಡಿದ್ದರೆ ಒಣ ದಿನ ಮತ್ತೊಮ್ಮೆ ಮಾಡಿ.

ಪಕ್ಕಾ ತೀರ್ಮಾನ ಸ್ಪೈರೊಮೆಟ್ರಿಯದ್ದು, ಅಂದರೆ ಆಸ್ಪತ್ರೆಯ ಯಂತ್ರಕ್ಕೆ ಊದಿಸಿ ಉಸಿರು ಅಳೆಯುವ ಪರೀಕ್ಷೆಯದ್ದು. ಮೊದಲ ಒಂದು ಸೆಕೆಂಡಿನಲ್ಲಿ ಹೊರಬೀಳುವ ಗಾಳಿ, ಅಂದರೆ ಎಫ್‌ಇವಿ1, ವ್ಯಾಯಾಮದ ನಂತರ ಶೇ. 10 ಅಥವಾ ಹೆಚ್ಚು ಇಳಿದರೆ ರೋಗ ಇದೆ ಎಂದು ಲೆಕ್ಕ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಗದಗಿನ ಜಿಮ್ಸ್, ಸತ್ತೂರಿನ ಎಸ್‌ಡಿಎಂ ಇಂಥ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಶ್ವಾಸಕೋಶ ವಿಭಾಗದಲ್ಲಿ ವಿಚಾರಿಸಿ.

ದಮ್ಮಿನಂತೆ ಕಂಡರೂ ದಮ್ಮಲ್ಲದ್ದು ಕೆಲವಿದೆ. ಓಟದ ಭರದಲ್ಲೇ ಗಂಟಲು ಹಿಚುಕಿದಂತಾಗಿ, ಉಸಿರು ಎಳೆದುಕೊಳ್ಳುವಾಗ ಕರ್ಕಶ ಸದ್ದು ಬಂದು, ನಿಂತ ಕೆಲವೇ ನಿಮಿಷಕ್ಕೆ ಮಾಯವಾದರೆ ಅದು ಧ್ವನಿಪೆಟ್ಟಿಗೆಯ ತೊಂದರೆ ಇರಬಹುದು, ಅದಕ್ಕೆ ಪಂಪ್ ನಾಟುವುದಿಲ್ಲ. ಹುಡುಗಿಯರಲ್ಲಿ ಬೇಗ ಏದುಸಿರು, ಎದೆಬಡಿತ ಬಂದರೆ ರಕ್ತಹೀನತೆ ಇರಬಹುದು, ಮೊದಲು ಹಿಮೊಗ್ಲೋಬಿನ್ ನೋಡಿಸಿ.

ಲಿಗ್ನೊಕೇನ್ ಕಥೆ

ಲಿಗ್ನೊಕೇನ್ ಎಂದರೆ ಹಲ್ಲು ಕೀಳುವ ಮೊದಲು ವಸಡಿಗೆ ಚುಚ್ಚುವ ಮದ್ದು. ಲಿಡೊಕೇನ್, ಝೈಲೊಕೇನ್ ಎಂದರೂ ಅದೇ. ಸ್ವೀಡನ್ನಿನಲ್ಲಿ 1943ರಲ್ಲಿ ತಯಾರಾಯಿತು. ನರದ ಸೋಡಿಯಂ ದ್ವಾರಗಳನ್ನು ಮುಚ್ಚಿ ಸಂಕೇತ ಮೆದುಳಿಗೆ ಹೋಗದಂತೆ ತಡೆಯುವುದು ಅದರ ಕೆಲಸ.

ದಮ್ಮಿಗೆ ಇದನ್ನು ತಂದವರ ತರ್ಕ ನೇರವಾಗಿತ್ತು. ತಣ್ಣನೆ ಒಣ ಗಾಳಿ ಗಂಟಲಿನ, ಶ್ವಾಸನಾಳದ ನರಗಳನ್ನು ಕೆರಳಿಸುತ್ತದೆ, ವೇಗಸ್ ನರದ ಮೂಲಕ ಮೆದುಳಿಗೆ ಸುದ್ದಿ ಹೋಗಿ, ಅದೇ ನರದಿಂದ ‘ಬಿಗಿ’ ಎಂಬ ಆಜ್ಞೆ ವಾಪಸು ಬರುತ್ತದೆ. ಹಾಗಿದ್ದರೆ ಸುದ್ದಿ ಹೋಗುವ ದಾರಿಗೇ ಜೋಮು ಹಿಡಿಸಿದರೆ? 1979ರಲ್ಲಿ ಅಮೆರಿಕದ ಒಂದು ತಂಡ ಗಂಟಲಿಗೆ ಅರಿವಳಿಕೆ ಹಚ್ಚಿ ಓಡಿಸಿದಾಗ ಬಿಗಿತ ಕಡಿಮೆಯಾಯಿತೆಂದು ವರದಿ ಮಾಡಿತು. ಮರುವರ್ಷವೇ ಬೇರೆ ತಂಡ ಅದನ್ನು ಮರುಪರೀಕ್ಷೆಗೆ ಒಡ್ಡಿತು. 1982ರಲ್ಲಿ ಬ್ರಿಟನ್ನಿನ ಥೋರಾಕ್ಸ್ ಪತ್ರಿಕೆ ಉಸಿರಿನಲ್ಲಿ ಎಳೆದ ಲಿಗ್ನೊಕೇನ್ ಮತ್ತು ಓಟದ ಅಸ್ತಮಾ ಕುರಿತು ಎರಡು ಅಧ್ಯಯನ ಪ್ರಕಟಿಸಿತು. ಇಷ್ಟೆಲ್ಲ ಆದರೂ ಅದು ಓಟದ ದಮ್ಮಿನ ಔಷಧವಾಗಿ ನಿಲ್ಲಲಿಲ್ಲ.

ಇಂಥ ಅಧ್ಯಯನ ಓದುವಾಗ ನಾಲ್ಕು ಕಡೆ ಕಣ್ಣಿಡಿ. ಫಾರ್ಮಸಿ, ಫಿಸಿಯೊಥೆರಪಿ, ದೈಹಿಕ ಶಿಕ್ಷಣದ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಕೂತಾಗಲೂ ಇವೇ ತಪ್ಪುತ್ತವೆ. ಒಂದು, ಉಸಿರಾಟದ ಪ್ರಮಾಣ. ಮದ್ದು ಎಳೆದ ದಿನ ಓಟಗಾರ ನಿಮಿಷಕ್ಕೆ 80ರ ಬದಲು 60 ಲೀಟರ್ ಉಸಿರಾಡಿದ್ದರೆ ಒಣಗಿದ್ದೇ ಕಡಿಮೆ, ಬಿಗಿತವೂ ಕಡಿಮೆ. ಆ ಶ್ರೇಯಸ್ಸು ಮದ್ದಿಗೆ ಸಲ್ಲದು. ಎರಡೂ ದಿನ ಉಸಿರಾಟ ಅಳೆದು ಸಮ ಮಾಡದ ಅಧ್ಯಯನವನ್ನು ಪಕ್ಕಕ್ಕಿಡಿ. ಎರಡು, ಓಟಗಳ ನಡುವಿನ ಅಂತರ. ಒಮ್ಮೆ ದಮ್ಮು ಹತ್ತಿದ ಮೇಲೆ ಸುಮಾರು ಅರ್ಧದಷ್ಟು ಮಂದಿಗೆ ಎರಡು-ಮೂರು ಗಂಟೆ ಮತ್ತೆ ಅಷ್ಟು ಜೋರಾಗಿ ಹತ್ತುವುದಿಲ್ಲ. ಒಂದೇ ಬೆಳಗ್ಗೆ ಮೊದಲು ಹೋಲಿಕೆಗೆಂದು ಮದ್ದಿಲ್ಲದ ಉಪ್ಪುನೀರು, ಆಮೇಲೆ ಮದ್ದು ಕೊಟ್ಟು ಓಡಿಸಿದರೆ ಎರಡನೆಯದು ಗೆದ್ದೇ ಗೆಲ್ಲುತ್ತದೆ. ಮೂರು, ಗುಟ್ಟು ಉಳಿಯುವುದಿಲ್ಲ. ಬಾಯಿ ಜೋಮು ಹಿಡಿದವನಿಗೆ ತನಗೆ ಸಿಕ್ಕದ್ದು ಉಪ್ಪುನೀರಲ್ಲ ಎಂದು ಗೊತ್ತಾಗುತ್ತದೆ. ನಾಲ್ಕು, ಮದ್ದು ಎಲ್ಲಿಗೆ ಹೋಯಿತು. ಗಂಟಲಿಗೆ ಹಚ್ಚಿದ್ದೇ ಬೇರೆ, ಮದ್ದನ್ನು ಮಂಜಿನಂತೆ ಮಾಡುವ ನೆಬ್ಯುಲೈಸರ್ ಯಂತ್ರದ 1ರಿಂದ 5 ಮೈಕ್ರಾನ್ ಹನಿಯಾಗಿ ನಾಳದ ಆಳಕ್ಕೆ ಇಳಿದದ್ದೇ ಬೇರೆ.

ಅರಿವಳಿಕೆ ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ ಎಂಬುದಕ್ಕೆ ಹಾವೇರಿ ಜಿಲ್ಲೆಯಲ್ಲೇ ಉದಾಹರಣೆ ಇದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಸುರಿಯುವಾಗ ಏಳುವ ಘಾಟಿಗೆ ಕೆಮ್ಮು ಬರುತ್ತದಲ್ಲ, ಅದು ಕ್ಯಾಪ್ಸೈಸಿನ್ ನೇರವಾಗಿ ನರದ ತುದಿಯನ್ನು ಚುಚ್ಚಿ ಎಬ್ಬಿಸುವ ಕೆಮ್ಮು. ಕ್ಯಾಪ್ಸೈಸಿನ್ ಎಳೆಸಿ ಕೆಮ್ಮು ಬರಿಸುವ ಪ್ರಯೋಗಗಳಲ್ಲಿ ಲಿಗ್ನೊಕೇನ್ ಆ ಕೆಮ್ಮನ್ನು ತಗ್ಗಿಸಿದೆ. ಓಟದ ದಮ್ಮಿನಲ್ಲಿ ನರದ ಪಾಲು ಇದ್ದರೂ ಮುಖ್ಯ ಕೆಲಸ ಮಾಸ್ಟ್ ಕೋಶದ್ದು. ರಾಸಾಯನಿಕ ಪಕ್ಕದಲ್ಲೇ ಇರುವ ಸ್ನಾಯುವಿಗೆ ತಾಗುತ್ತದೆ, ಮೆದುಳಿನ ಅಪ್ಪಣೆಗೆ ಕಾಯುವುದಿಲ್ಲ. ಕೆಮ್ಮು ಅಡಗಿಸಿ ಬಿಗಿತ ಉಳಿಸುವ ಮದ್ದು ಓಟಗಾರನಿಗೆ ಅಪಾಯ, ಏಕೆಂದರೆ ‘ನಿಲ್ಲು’ ಎನ್ನುವ ಗಂಟೆಯನ್ನೇ ಅದು ತೆಗೆದುಹಾಕುತ್ತದೆ.

ಓಟ ಬಿಟ್ಟು, ಸಾಮಾನ್ಯ ಅಸ್ತಮಾಕ್ಕೂ ಪ್ರಯತ್ನಿಸಿದ್ದಾರೆ. ಅಮೆರಿಕದ ಮೇಯೊ ಕ್ಲಿನಿಕ್ ತಂಡ 2004ರಲ್ಲಿ 50 ಜನರ ಮೇಲೆ, 100 ಮಿಲಿಗ್ರಾಂ ಲಿಡೊಕೇನನ್ನು ದಿನಕ್ಕೆ ನಾಲ್ಕು ಸಲ ಎಂಟು ವಾರ ನೆಬ್ಯುಲೈಸರಿನಲ್ಲಿ ಕೊಟ್ಟು ಉಪಯೋಗ ಕಂಡಿತು. 2010ರಲ್ಲಿ ಪ್ರಕಟವಾದ ಪ್ಲಸೀಬೊ, ಅಂದರೆ ಮದ್ದಿಲ್ಲದ ಹುಸಿ ಔಷಧದೊಂದಿಗೆ ಹೋಲಿಸಿದ ಎರಡು ಪರೀಕ್ಷೆಗಳಲ್ಲಿ ಉಪಯೋಗ ಕಾಣಲಿಲ್ಲ. ಅಸ್ತಮಾದವರು ಲಿಗ್ನೊಕೇನ್ ಆವಿ ಎಳೆದಾಗ ಮೊದಲಿಗೆ ಶ್ವಾಸನಾಳ ಇನ್ನಷ್ಟು ಬಿಗಿಯುವುದೂ ಉಂಟು. ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡುವ ಬ್ರಾಂಕೊಸ್ಕೋಪಿಗೆ ಮೊದಲು ಅಸ್ತಮಾ ರೋಗಿಗೆ ಸಾಲ್ಬ್ಯುಟಮಾಲ್ ಕೊಡುವ ರೂಢಿ ಇರುವುದು ಇಂಥ ಬಿಗಿತದ ಭಯಕ್ಕೇ.

ಮೆಡಿಕಲ್ ಶಾಪಿನ 10% ಸ್ಪ್ರೇ ಒಂದು ಸಲ ಒತ್ತಿದರೆ 10 ಮಿಲಿಗ್ರಾಂ. ಹನಿ ದಪ್ಪ, ಗಂಟಲಲ್ಲೇ ಕೂರುತ್ತದೆ, ನಾಳಕ್ಕೆ ಇಳಿಯುವುದಿಲ್ಲ. ಗಂಟಲು ಜೋಮು ಹಿಡಿದಾಗ ನೀರು ಕುಡಿದರೆ ಅದು ಶ್ವಾಸನಾಳಕ್ಕೆ ಜಾರಬಹುದು, ಅದಕ್ಕೇ ಆಸ್ಪತ್ರೆಗಳಲ್ಲಿ ಗಂಟಲಿಗೆ ಹೊಡೆದ ಮೇಲೆ ಸುಮಾರು ಒಂದು ಗಂಟೆ ಏನೂ ತಿನ್ನಲು-ಕುಡಿಯಲು ಬಿಡುವುದಿಲ್ಲ. ಓಡಿ ಬಂದವನಿಗೆ ಮೊದಲು ಬೇಕಾಗುವುದೇ ನೀರು. ಪ್ರಮಾಣ ಮೀರಿದರೆ ತುಟಿ ಸುತ್ತ ಜೋಮು, ಬಾಯಲ್ಲಿ ಕಬ್ಬಿಣದ ರುಚಿ, ಕಿವಿಯಲ್ಲಿ ಗುಯ್‌ಗುಟ್ಟುವುದು, ಆಮೇಲೆ ಫಿಟ್ಸ್, ಹೃದಯದ ಬಡಿತ ತಪ್ಪುವುದು. ಗಂಟಲಿನ ತೇವದ ಪದರದಿಂದ ಅದು ಬಲು ಬೇಗ ರಕ್ತಕ್ಕೆ ಸೇರುತ್ತದೆ. ಇದರಲ್ಲಿ ಸ್ವಂತ ಪ್ರಯೋಗ ಬೇಡ.

ಪಂಪ್: ಹೊತ್ತು ಮತ್ತು ರೀತಿ

ಓಟಕ್ಕೆ ಮೊದಲಿನ ರಕ್ಷಣೆಗೆ ಹೆಚ್ಚು ಬಳಕೆಯಲ್ಲಿರುವುದು ಸಾಲ್ಬ್ಯುಟಮಾಲ್. ಅಸ್ತಾಲಿನ್ ಎಂಬ ಹೆಸರಿನಲ್ಲಿ ಎಲ್ಲರಿಗೂ ಗೊತ್ತು. ಪಂಪಿನ ಒಂದು ಹೊಡೆತಕ್ಕೆ 100 ಮೈಕ್ರೊಗ್ರಾಂ. ಡಾಕ್ಟರು ಬೇರೆ ಹೇಳದಿದ್ದರೆ ದೊಡ್ಡವರಿಗೆ ಎರಡು ಹೊಡೆತ, ಓಟಕ್ಕೆ ಸುಮಾರು 15 ನಿಮಿಷ ಮೊದಲು. ರಕ್ಷಣೆ 2ರಿಂದ 4 ಗಂಟೆ ಇರುತ್ತದೆ. ಸ್ಟಾರ್ಟ್ ಲೈನಿನಲ್ಲಿ ನಿಂತು ಎಳೆದರೆ ತಡವಾಯಿತು, ರೂಮಿನಲ್ಲಿ ಎದ್ದ ಕೂಡಲೇ ಎಳೆದರೆ ಬೇಗವಾಯಿತು.

ಮದ್ದಿಗಿಂತ ಎಳೆಯುವ ರೀತಿಯೇ ಹೆಚ್ಚು ಕೆಡುವುದು. ಕ್ಯಾನ್ ಅಲುಗಾಡಿಸಿ. ಮುಚ್ಚಳ ತೆಗೆದು ಒಳಗೆ ಕಸ ಇದೆಯೇ ನೋಡಿ. ಉಸಿರು ಪೂರ್ತಿ ಬಿಡಿ. ತುಟಿ ಬಿಗಿಮಾಡಿ ನಿಧಾನಕ್ಕೆ ಎಳೆಯಲು ಶುರುಮಾಡಿದ ಕೂಡಲೇ ಒತ್ತಿ, ನಾಲ್ಕೈದು ಸೆಕೆಂಡ್ ಎಳೆಯುತ್ತಲೇ ಇರಿ. 10 ಸೆಕೆಂಡ್ ಹಿಡಿಯಿರಿ. ಅರ್ಧ-ಒಂದು ನಿಮಿಷ ಬಿಟ್ಟು ಎರಡನೆಯದು. ಕನ್ನಡಿ ಮುಂದೆ ಮಾಡಿದಾಗ ಬಾಯಿಂದ ಹೊಗೆಯಂತೆ ಹೊರಬಂದರೆ ಒತ್ತಿದ್ದಕ್ಕೂ ಎಳೆದದ್ದಕ್ಕೂ ತಾಳ ಸೇರಲಿಲ್ಲ ಎಂದರ್ಥ. ಅಂಥವರಿಗೆ ಸ್ಪೇಸರ್, ಅಂದರೆ ಪಂಪಿಗೂ ಬಾಯಿಗೂ ನಡುವೆ ಮದ್ದು ಹಿಡಿದಿಡುವ ಪ್ಲಾಸ್ಟಿಕ್ ಡಬ್ಬಿ, ಕಡ್ಡಾಯ. ಕ್ಯಾಪ್ಸೂಲ್ ಹಾಕಿ ಎಳೆಯುವ ರೋಟಾಹೇಲರ್ ಇದಕ್ಕೆ ತದ್ವಿರುದ್ಧ: ಅದನ್ನು ಜೋರಾಗಿ, ರಭಸದಿಂದ ಎಳೆಯಬೇಕು, ಅದರೊಳಗೆ ಊದಬಾರದು, ಒದ್ದೆ ಕೈಯಲ್ಲಿ ಕ್ಯಾಪ್ಸೂಲ್ ಮುಟ್ಟಬಾರದು. ಹೊಸ ಪಂಪನ್ನು, ಬಹಳ ದಿನ ಬಳಸದ ಪಂಪನ್ನು ಚೀಟಿಯಲ್ಲಿ ಹೇಳಿದಷ್ಟು ಸಲ ಗಾಳಿಗೆ ಹೊಡೆದು ಶುರುಮಾಡಿ. ಖಾಲಿಯೋ ಎಂದು ಕ್ಯಾನನ್ನು ನೀರಿನಲ್ಲಿ ತೇಲಿಸಿ ನೋಡುವುದು ನಂಬಿಕೆಗೆ ಅರ್ಹವಲ್ಲ. ಕೌಂಟರ್ ಇಲ್ಲದಿದ್ದರೆ ಶುರುಮಾಡಿದ ತಾರೀಖನ್ನು ಡಬ್ಬಿ ಮೇಲೆ ಬರೆಯಿರಿ: 200 ಹೊಡೆತದ ಪಂಪ್, ದಿನಕ್ಕೆ 2 ಎಂದರೆ 100 ದಿನ. ಆಮೇಲೆ ಬರುವುದು ಬರೀ ಗಾಳಿ.

ಸ್ಪೇಸರ್ ಕೊಳ್ಳಲು ಆಗದಿದ್ದರೆ 500 ಮಿಲಿ ತಂಪುಪಾನೀಯದ ಬಾಟಲಿಯೇ ಸಾಕು. ಇದು ಹಳ್ಳಿ ಉಪಾಯವಲ್ಲ. ದಕ್ಷಿಣ ಆಫ್ರಿಕಾದ ಮಕ್ಕಳಲ್ಲಿ ಕೊಂಡ ಸ್ಪೇಸರಿನೊಂದಿಗೆ ಹೋಲಿಸಿ 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದದ್ದು. ಬಾಟಲಿಯನ್ನು ಸೋಪಿನಿಂದ ತೊಳೆದು ಒಣಗಿಸಿ. ತಂತಿಯೊಂದನ್ನು ಪಂಪಿನ ಬಾಯಿಯ ಆಕಾರಕ್ಕೆ ಬಗ್ಗಿಸಿ, ಕಾಯಿಸಿ, ಬಾಟಲಿಯ ತಳಕ್ಕೆ ಒತ್ತಿದರೆ ಅದೇ ಅಳತೆಯ ತೂತು ಬೀಳುತ್ತದೆ. ಪಂಪಿನ ಬಾಯಿ ಅದರಲ್ಲಿ ಬಿಗಿಯಾಗಿ ಕೂರಬೇಕು. ಸಂದಿ ಇದ್ದರೆ ಅಂಟು ಹಾಕಿ ಮುಚ್ಚಿ. ಕತ್ತರಿಯಿಂದ ಹರಿದು ಮಾಡಿದ ತೂತಿನ ಸುತ್ತ ಮದ್ದು ಸೋರುತ್ತದೆ, ಅಲ್ಲಿಗೆ ಎಲ್ಲ ವ್ಯರ್ಥ. ಬಾಟಲಿಯ ಬಾಯಿಯೇ ನಿಮ್ಮ ಬಾಯಿಗೆ. ಹೊಸ ಪ್ಲಾಸ್ಟಿಕ್ಕಿನಲ್ಲಿ ಸ್ಥಾಯಿ ವಿದ್ಯುತ್ ಇದ್ದು ಮದ್ದು ಗೋಡೆಗೆ ಅಂಟಿಕೊಳ್ಳುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದ್ದಿ, ಬಟ್ಟೆಯಿಂದ ಒರೆಸದೆ, ಗಾಳಿಗೆ ಒಣಗಲು ಬಿಟ್ಟರೆ ಅದು ಹೋಗುತ್ತದೆ. ಕೊಂಡ ಸ್ಪೇಸರಿಗೂ ಇದೇ ನಿಯಮ. ಒರೆಸಿ ಫಳಫಳ ಮಾಡುವುದೇ ತಪ್ಪು.

ದಿನಾ ಓಡುವವರು ದಿನಾ ಸಾಲ್ಬ್ಯುಟಮಾಲ್ ಒಂದನ್ನೇ ಎಳೆಯುತ್ತಿದ್ದರೆ ರಕ್ಷಣೆ ದಿನೇದಿನೇ ಸವೆಯುತ್ತದೆ. ಶ್ವಾಸನಾಳದೊಳಗಿನ ಉರಿಯೂತ ಅದರಿಂದ ಇಳಿಯುವುದಿಲ್ಲ. ಅಸ್ತಮಾ ಕುರಿತ ಜಾಗತಿಕ ಮಾರ್ಗಸೂಚಿ ಜಿನಾ 2019ರಿಂದ ಸಾಲ್ಬ್ಯುಟಮಾಲ್ ಒಂದರ ಮೇಲೆ ನಿಲ್ಲುವುದನ್ನು ಒಪ್ಪುವುದಿಲ್ಲ. ಎಳೆಯುವ ಸ್ಟೆರಾಯ್ಡ್, ಅಥವಾ ಬ್ಯುಡೆಸೊನೈಡ್-ಫಾರ್ಮೊಟೆರಾಲ್ ಜೋಡಿ ಪಂಪ್, ನಿಮಗೆ ಯಾವುದು ಎಂಬುದನ್ನು ಡಾಕ್ಟರು ನಿರ್ಧರಿಸುತ್ತಾರೆ. ಸ್ಟೆರಾಯ್ಡಿನ ಫಲ ಕಾಣಲು ಎರಡು-ನಾಲ್ಕು ವಾರ ಬೇಕು, ಹೀಗಾಗಿ ಓಟದ ತಾರೀಖು ಬಂದ ಮೇಲೆ ಶುರುಮಾಡುವುದಲ್ಲ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ. ಮಾಂಟೆಲುಕಾಸ್ಟ್ ಗುಳಿಗೆ ಕೆಲವರಿಗೆ ಉಪಯೋಗ, ಓಟಕ್ಕೆ ಕನಿಷ್ಠ 2 ಗಂಟೆ ಮೊದಲು. ಆದರೆ ನಿದ್ದೆಗೇಡು, ಮನಸ್ಸಿನ ಏರುಪೇರು ಕಂಡರೆ ಕೂಡಲೇ ಡಾಕ್ಟರಿಗೆ ತಿಳಿಸಿ, ಅಮೆರಿಕದ ಎಫ್‌ಡಿಎ 2020ರಲ್ಲಿ ಅದರ ಮೇಲೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿದೆ. ಅಂಗಡಿಯಲ್ಲಿ ಕೇಳಿ ನುಂಗುವ ಡೆರಿಫಿಲಿನ್ ಗುಳಿಗೆ ಪಂಪಿನ ಬದಲಿ ಅಲ್ಲ.

ವಾರ್ಮಪ್, ದಾರಿ, ಗಾಳಿ

ಓಟದ ನಂತರ ಎರಡು-ಮೂರು ಗಂಟೆ ದಮ್ಮು ಮತ್ತೆ ಹತ್ತುವುದು ಕಡಿಮೆ ಎಂದೆವಲ್ಲ, ಅದನ್ನು ಬೇಕೆಂದೇ ಬಳಸಿಕೊಳ್ಳುವುದೇ ವಾರ್ಮಪ್. ಮೆಲ್ಲಗೆ ಎರಡು ಸುತ್ತು ಹಾಕಿದರೆ ಸಾಲದು, ಗತಿ ಏರಿಳಿಯಬೇಕು. ಐದು ನಿಮಿಷ ಹಗುರ ಓಟ, ಆಮೇಲೆ 30 ಸೆಕೆಂಡಿನ ಜೋರು ಓಟ 6-8 ಸಲ, ನಡುವೆ ಒಂದೊಂದು ನಿಮಿಷ ನಡಿಗೆ. ಒಟ್ಟು 15-20 ನಿಮಿಷ. ನೇಮಕಾತಿ ದಿನ ದಾಖಲೆ, ಎತ್ತರ, ಎದೆ ಅಳತೆ ಎಂದು ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ಬೆಳಗ್ಗೆ ಆರಕ್ಕೆ ಮಾಡಿದ ವಾರ್ಮಪ್ಪೂ ಎಳೆದ ಪಂಪೂ ಹತ್ತೂವರೆ ಹೊತ್ತಿಗೆ ತೀರಿರುತ್ತವೆ. ನಿಮ್ಮ ಬ್ಯಾಚ್ ಕರೆಯುವ ಅಂದಾಜು ಹಿಡಿದು ಎರಡನ್ನೂ ಇಟ್ಟುಕೊಳ್ಳಿ.

ಚಳಿಗಾಲದಲ್ಲಿ ಮೂಗು-ಬಾಯಿಗೆ ತೆಳು ಹತ್ತಿ ಬಟ್ಟೆ ಕಟ್ಟಿ. ಬಿಟ್ಟ ಉಸಿರಿನ ತೇವ ಅದರಲ್ಲಿ ನಿಂತು ಎಳೆದುಕೊಳ್ಳುವಾಗ ಮರಳುತ್ತದೆ. ಪರೀಕ್ಷೆಯ ಓಟಕ್ಕೆ ಕಷ್ಟ, ಅಭ್ಯಾಸಕ್ಕೆ ಸರಿ. ಬೈಪಾಸ್ ಬದಿಯ ಲಾರಿ ಧೂಳು, ಜಿನ್ನಿಂಗ್ ಮಿಲ್ಲಿನ ಹತ್ತಿಯ ದೂಳು, ಬ್ಯಾಡಗಿ ಸುತ್ತ ಮೆಣಸಿನಕಾಯಿ ಹರವಿದ ಕಣಗಳು, ಮಳೆ ನಿಂತ ಮೇಲೆ ಹೂ ಬಿಡುವ ಕಾಂಗ್ರೆಸ್ ಕಸ, ಇವುಗಳ ಪಕ್ಕ ಓಡುವ ದಾರಿ ಬೇಡ. ನೆಗಡಿ ಬಂದ ವಾರ ಜೋರು ಓಟ ಬಿಡಿ. ಓಟ ಮುಗಿದ ಕೂಡಲೇ ಕೂರದೆ ಹತ್ತು ನಿಮಿಷ ನಿಧಾನವಾಗಿ ನಡೆಯಿರಿ.

ಮೈದಾನದಲ್ಲೇ ದಮ್ಮು ಹತ್ತಿದರೆ

ನೇರವಾಗಿ ಕೂರಿಸಿ, ಮಲಗಿಸಬೇಡಿ. ಸುತ್ತ ಗುಂಪು ಸೇರಲು ಬಿಡಬೇಡಿ. ಸ್ಪೇಸರ್ ಹಾಕಿ ಸಾಲ್ಬ್ಯುಟಮಾಲ್ ಒಂದು ಹೊಡೆತ, ಅದರಿಂದ ನಾಲ್ಕು ಉಸಿರು. ಹೀಗೆ ನಾಲ್ಕು ಹೊಡೆತ, ಒಂದೊಂದಾಗಿ. ನಾಲ್ಕನ್ನೂ ಒಮ್ಮೆಗೇ ಒತ್ತಿದರೆ ಬಹಳಷ್ಟು ಮದ್ದು ಸ್ಪೇಸರಿನ ಗೋಡೆಗೆ ಹೋಗುತ್ತದೆ. ನಾಲ್ಕು ನಿಮಿಷ ಕಾದು, ಇಳಿಯದಿದ್ದರೆ ಮತ್ತೆ ನಾಲ್ಕು, ಜೊತೆಗೆ 108ಕ್ಕೆ ಫೋನ್. ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಸುಂಯ್ ಸದ್ದು ನಿಂತೇಹೋಗಿ ಆದರೂ ಉಸಿರಿಗೆ ಪರದಾಡುತ್ತಿದ್ದರೆ ಕಾಯುವ ಮಾತೇ ಇಲ್ಲ, ಮೊದಲೇ 108. ಸದ್ದು ನಿಂತದ್ದು ಗುಣವಾದ ಲಕ್ಷಣವಲ್ಲ, ಗಾಳಿಯೇ ಓಡಾಡುತ್ತಿಲ್ಲ ಎಂದರ್ಥ. ಗಾಡಿ ಬರುವವರೆಗೂ ನಾಲ್ಕು ನಿಮಿಷಕ್ಕೊಮ್ಮೆ ನಾಲ್ಕು ಹೊಡೆತ ನಿಲ್ಲಿಸಬೇಡಿ.

ಉಳಿದೆರಡು

ವಿಶ್ವವಿದ್ಯಾಲಯ, ರಾಜ್ಯ ಮಟ್ಟದಲ್ಲಿ ಓಡುವವರಿಗೆ ಡೋಪಿಂಗ್ ನಿಯಮ ಲೆಕ್ಕಕ್ಕೆ ಬರುತ್ತದೆ. ಎಳೆಯುವ ಸಾಲ್ಬ್ಯುಟಮಾಲ್ 24 ಗಂಟೆಗೆ 1600 ಮೈಕ್ರೊಗ್ರಾಂ ಒಳಗೆ, ಯಾವುದೇ 8 ಗಂಟೆಯಲ್ಲಿ 600 ಮೀರದಂತೆ ಇದ್ದರೆ ನಡೆಯುತ್ತದೆ. ಅದೇ ಸಾಲ್ಬ್ಯುಟಮಾಲ್ ಗುಳಿಗೆ, ಸಿರಪ್ ರೂಪದಲ್ಲಿ ನಿಷಿದ್ಧ. ಕೆಮ್ಮಿನ ಕೆಲವು ಸಿರಪ್‌ಗಳಲ್ಲಿ ಅದು, ಅಥವಾ ಅದರ ಜಾತಿಯ ಟೆರ್ಬ್ಯುಟಲಿನ್ ಇರುತ್ತದೆ, ಬಾಟಲಿಯ ಚೀಟಿ ಓದದೆ ಕುಡಿಯಬೇಡಿ.

ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ಲಿಗ್ನೊಕೇನ್ ಇಂಜೆಕ್ಷನ್ನಿಗೆ ಹೆದರಬೇಕಿಲ್ಲ, ಅಸ್ತಮಾದವರಲ್ಲಿ ಬಹುಪಾಲು ಮಂದಿ ಅದನ್ನು ಚೆನ್ನಾಗಿ ತಡೆದುಕೊಳ್ಳುತ್ತಾರೆ. ಅಡ್ರಿನಲಿನ್ ಬೆರೆಸಿದ ಇಂಜೆಕ್ಷನ್ನಿನಲ್ಲಿ ಅದು ಕೆಡದಿರಲು ಸಲ್ಫೈಟ್ ಹಾಕಿರುತ್ತಾರೆ, ಕೆಲವು ಅಸ್ತಮಾ ರೋಗಿಗಳಿಗೆ ಸಲ್ಫೈಟ್ ಆಗಿಬರುವುದಿಲ್ಲ. ಕುರ್ಚಿಯಲ್ಲಿ ಕೂರುವ ಮೊದಲೇ ದಮ್ಮು ಇರುವುದನ್ನು, ಹಿಂದೆ ಸಲ್ಫೈಟಿನಿಂದ ತೊಂದರೆ ಆಗಿದ್ದರೆ ಅದನ್ನೂ ಹೇಳಿ, ಪಂಪನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ.